ಸಂಬಳದ ದೂರನ್ನು ಕಾರ್ಮಿಕ ಕಚೇರಿ ವಾಪಸು ಮಾಡಿದ್ದು ಯಾಕೆ?

ನಿಮ್ಮ ಕಾಲೇಜಿನ ಅಧ್ಯಾಪಕರೂ ಲೈಬ್ರೇರಿಯನ್ನರೂ ಒಟ್ಟಿಗೆ ದೂರು ಕೊಟ್ಟದ್ದೇ ತೊಡಕಾಗಿರಬೇಕು. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಡಿ ಅಧ್ಯಾಪಕರು ‘ಕಾರ್ಮಿಕ’ರಲ್ಲ ಎಂದು ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಮೊದಲು ದೂರನ್ನು ಎರಡು ಮಾಡಿ. ಲೈಬ್ರೇರಿಯನ್ನರ ವಿಷಯದಲ್ಲಿ ಹುದ್ದೆಯ ಹೆಸರಲ್ಲ, ದಿನವೂ ಮಾಡುವ ಕೆಲಸ ಮುಖ್ಯ. ಪುಸ್ತಕ ಕೊಡುವುದು, ಕ್ಯಾಟಲಾಗ್, ರಿಜಿಸ್ಟರ್ ಇವೇ ಹೆಚ್ಚಿದ್ದರೆ ಅವರು ‘ಕಾರ್ಮಿಕ’ರೆಂಬ ವಾದಕ್ಕೆ ಜಾಗವಿದೆ. ಮೇಲ್ವಿಚಾರಣೆಯೇ ಹೆಚ್ಚಾದರೆ ಕಷ್ಟ. ಗೆಲುವು ಖಚಿತವೆನ್ನಲಾರೆ. ನೇಮಕಾತಿ ಆದೇಶ, ಪಾಸ್‌ಬುಕ್ ಪ್ರತಿ, ಕೆಲಸದ ಪಟ್ಟಿ ಲಗತ್ತಿಸಿ.

ನಿಮ್ಮದು ಸ್ವಾಶ್ರಯ (ಸರ್ಕಾರದ ಅನುದಾನವಿಲ್ಲದ) ಕಾಲೇಜಾದ್ದರಿಂದ ಅಧ್ಯಾಪಕರು ಕೇರಳದ 2021ರ ಸ್ವಾಶ್ರಯ ಕಾಲೇಜು ನೌಕರರ ಕಾಯ್ದೆ ಹಿಡಿಯಲಿ: ಮೊದಲು ಆಡಳಿತದಿಂದ ಲಿಖಿತ ಕರಾರು ಕೇಳಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ಬರೆಯಲಿ. ಗ್ರಾಚ್ಯುಟಿಗೆ ಈ ತಕರಾರಿಲ್ಲ. ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ಬಂದ ತಿದ್ದುಪಡಿಯೇ ಅಧ್ಯಾಪಕರನ್ನೂ ಸೇರಿಸಿತ್ತು.

ಕಾಸರಗೋಡಿನ ಕಚೇರಿಗೆ ಅರ್ಜಿ ಕನ್ನಡದಲ್ಲೇ ಸಾಕು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಸ್ವೀಕೃತಿ ರಸೀದಿ ಮಾತ್ರ ಬಿಡಬೇಡಿ.