ತೂಕ ಹೆಂಡತಿಯದ್ದು, ಹೊಟ್ಟೆ ಗಂಡನದ್ದು

ನನ್ನ ಹತ್ತಿರ ಸಲಹೆಗೆ ಬಂದ, ಕಾಸರಗೋಡಿನ ಬದಿಯಡ್ಕ ಕಡೆಯ ದಂಪತಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

"ಇವಳ ತೂಕ ಒಮ್ಮೆ ಕಡಿಮೆ ಮಾಡಿಸಿ ಮೇಡಂ, ಹೇಳಿ ಹೇಳಿ ನಂಗೆ ಸಾಕಾಯ್ತು." ಕೂರುವ ಮೊದಲೇ ಗಂಡ ಹೇಳಿದ ಮಾತು. ವಯಸ್ಸು 47, ಅಡಿಕೆ ತೋಟ ಉಂಟು. ಹೆಂಡತಿಗೆ 41. ಅವರು ಸೆರಗಿನ ತುದಿ ಸುತ್ತುತ್ತಾ ನೆಲ ನೋಡುತ್ತಿದ್ದರು.

ಗಂಡನನ್ನು ಹೊರಗೆ ಕೂರಿಸಿ ಆಕೆಯ ಹತ್ತಿರ ಮಾತಾಡಿದೆ. ಎರಡು ತಿಂಗಳಿಂದ ರಾತ್ರಿ ಊಟ ಇಲ್ಲ. ಎಲ್ಲರಿಗೂ ಬಡಿಸಿ, ಒಂದು ಲೋಟ ನೀರು ಕುಡಿದು ಮಲಗುವುದು, ಹನ್ನೊಂದು ಗಂಟೆಗೆ ಹಸಿವು ತಡೆಯಲಾಗದೆ ಕತ್ತಲಲ್ಲೇ ಡಬ್ಬಿ ತೆಗೆದು ಬಾಳೆಕಾಯಿ ಚಿಪ್ಸ್ ತಿನ್ನುವುದು, ಆಮೇಲೆ ಅಳುವುದು. ನೆಂಟರ ಮದುವೆಗೆ ಹೋಗುವುದನ್ನೂ ಬಿಟ್ಟಿದ್ದಾರೆ. ನನಗೆ ತೂಕಕ್ಕಿಂತ ಇದೇ ಜಾಸ್ತಿ ಚಿಂತೆ ಹುಟ್ಟಿಸಿತು.

ಆಮೇಲೆ ಇಬ್ಬರನ್ನೂ ಅಳೆಯುತ್ತೇನೆ ಅಂದೆ. "ನನ್ನದು ಎಂತಕ್ಕೆ? ನಾನು ಸಪೂರ ಅಲ್ವಾ?" ಅಂದರು ಗಂಡ. ಕೈಕಾಲು ಸಪೂರವೇ. ಎತ್ತರ 168 ಸೆಂ.ಮೀ., ತೂಕ 66 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕ) 23.4. ಹತ್ತು ವರ್ಷದಿಂದ ಪ್ಯಾಂಟ್ ಸೈಜ್ 34 ಇಂಚು, ಬದಲಾಗಿಲ್ಲ ಅಂದರು. ನಿಜ, ಆದರೆ ಪ್ಯಾಂಟ್ ಹೊಟ್ಟೆಯ ಕೆಳಗೆ ಜಾರಿತ್ತು.

ಪಕ್ಕೆಲುಬಿನ ಕೊನೆ ಮುಟ್ಟಿ ನೋಡಿದೆ, ಸೊಂಟದ ಮೂಳೆಯ ಮೇಲ್ತುದಿ ಮುಟ್ಟಿದೆ, ಎರಡರ ನಡುವೆ ಟೇಪ್ ಸುತ್ತಿದೆ. ಅವರು ಹೊಟ್ಟೆ ಒಳಗೆ ಎಳೆದುಕೊಂಡರು. "ಹಾಗೆ ಬೇಡ, ಸುಮ್ನೆ ಉಸಿರು ಬಿಡಿ." ಬಿಟ್ಟರು. 98 ಸೆಂ.ಮೀ. ಟೇಪ್ ಓರೆಯಾಗಿರಬೇಕು ಅಂದರು. ಇನ್ನೊಮ್ಮೆ ಅಳೆದೆ. 98.

ಹೆಂಡತಿ 156 ಸೆಂ.ಮೀ., 68 ಕಿಲೋ, ಬಿಎಂಐ 27.9, ಸೊಂಟ 84.

ನಮ್ಮವರಿಗೆ ಬಿಎಂಐ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಇಷ್ಟೆಲ್ಲ ನೆನಪಿರದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ, ಅಷ್ಟು ಸಾಕು. ಆ ಲೆಕ್ಕದಲ್ಲಿ ಹೆಂಡತಿ 6 ಸೆಂ.ಮೀ. ಮೇಲೆ, ಗಂಡ 14 ಮೇಲೆ. ತೊಡೆ, ಪೃಷ್ಠದ ಕೊಬ್ಬಿಗಿಂತ ಹೊಟ್ಟೆಯೊಳಗೆ ಲಿವರ್, ಕರುಳಿನ ಸುತ್ತ ಕೂರುವ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹತ್ತಿರದ್ದು. ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ.

ಆದರೂ ಗಂಡನಿಗೆ ನಂಬಿಕೆ ಬರಲಿಲ್ಲ. ಆಗ ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಯಾಜ್ಞಿಕ್ ವಿಷಯ ಹೇಳಿದೆ. 2004ರಲ್ಲಿ ಅವರೂ ಲಂಡನ್ನಿನ ಡಾ. ಯುಡ್ಕಿನ್ ಎಂಬವರೂ ತಮ್ಮಿಬ್ಬರ ಅಳತೆಯನ್ನೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದರು. ಇಬ್ಬರ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ನಮ್ಮಲ್ಲಿ ಸಪೂರ ಕಾಣುವವರ ಒಳಗೂ ಕೊಬ್ಬು ಇರುತ್ತದೆ. ಗಂಡ ಸುಮ್ಮನಾದರು. ಹೆಂಡತಿ ಮೊದಲ ಸಲ ತಲೆ ಎತ್ತಿದರು.

ಟೇಪ್ ಕಾಯಿಲೆ ಹೇಳುವುದಿಲ್ಲ, ಯಾರನ್ನು ಪರೀಕ್ಷೆ ಮಾಡಿಸಬೇಕು ಅಂತ ಹೇಳುತ್ತದೆ. ಹಾಗಾಗಿ ಇಬ್ಬರಿಗೂ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಲು ಹೇಳಿದೆ. ಹೆಂಡತಿಯ ಸಕ್ಕರೆ 92. ಗಂಡನದ್ದು 118. ಇನ್ನೂ ಡಯಾಬಿಟಿಸ್ ಅಲ್ಲ, ಆದರೆ ಹೊಸ್ತಿಲಿಗೆ ಬಂದಿದ್ದೀರಿ ಅಂದರಂತೆ ಡಾಕ್ಟರು.

ಕೊಟ್ಟ ಸಲಹೆ ದೊಡ್ಡದೇನಲ್ಲ. ಮನೆಯಲ್ಲಿ ಯಾರೂ ಆಕೆಯ ಮೈ ಬಗ್ಗೆ ಮಾತಾಡಬಾರದು, ಇದನ್ನು ಗಂಡನಿಗೆ ಎರಡು ಸಲ ಹೇಳಿದೆ. ಆಕೆ ರಾತ್ರಿ ಊಟ ಬಿಡಬಾರದು. ಎಂಟು ಗಂಟೆಯೊಳಗೆ ಇಬ್ಬರೂ ಒಟ್ಟಿಗೆ ಕೂತು ಉಣ್ಣಬೇಕು, ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ, ಪಲ್ಯ ಎರಡು ಸೌಟು ಜಾಸ್ತಿ. ಸಂಜೆ ಚಹಾದ ಜೊತೆ ಗೋಳಿಬಜೆ ವಾರಕ್ಕೊಮ್ಮೆ ಸಾಕು. ತೋಟಕ್ಕೆ ಸ್ಪ್ರಿಂಕ್ಲರ್ ಬಂದ ಮೇಲೆ ಗಂಡ ಬೈಕಿಂದ ಇಳಿಯುವುದೇ ಕಮ್ಮಿ, ಅದಕ್ಕೆ ದಿನಾ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಜೋರಾಗಿ ನಡೆಯಿರಿ ಅಂದೆ. ದಿನಾ ತೂಕ ನೋಡುವುದು ಬೇಡ. ತಿಂಗಳಿಗೊಮ್ಮೆ ಬೆಳಿಗ್ಗೆ, ತಿಂಡಿಗೆ ಮೊದಲು ಸೊಂಟ ಅಳೆಯಿರಿ. ಹಳೆಯ ಬಟ್ಟೆ ಟೇಪ್ ಎಳೆದು ಉದ್ದ ಆಗಿರುತ್ತದೆ, ಸ್ಕೇಲ್ ಜೊತೆ ಇಟ್ಟು ನೋಡಿಕೊಳ್ಳಿ.

ಮೂರು ತಿಂಗಳ ನಂತರ ಬಂದಾಗ ಗಂಡನ ಸೊಂಟ 94, ಹೆಂಡತಿಯದ್ದು 82. ಆಕೆಯ ತೂಕ ಒಂದೇ ಕಿಲೋ ಇಳಿದಿತ್ತು, ಆದರೆ ರಾತ್ರಿಯ ಡಬ್ಬಿ, ಅಳು ಎರಡೂ ನಿಂತಿದ್ದವು. ಮನೆಯಲ್ಲಿ ಯಾರು ಅಳೆಯುವುದು ಅಂತ ಕೇಳಿದೆ.

"ಅವರದ್ದು ನಾನೇ ಅಳೆಯುವುದು ಮೇಡಂ. ಈಗಲೂ ಹೊಟ್ಟೆ ಒಳಗೆ ಎಳೀತಾರೆ."