ಸಂಪ್ ಉಕ್ಕದಂತೆ ಅಕ್ವೇರಿಯಂ ಜೋಡಿಸುವುದು ಹೇಗೆ?

ಪ್ರಶ್ನೆ: ನನ್ನ ಅಕ್ವೇರಿಯಂ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಇದೆ. ಸ್ಟ್ಯಾಂಡಿನ ಕೆಳಗೆ 60 × 35 × 38 ಸೆಂ.ಮೀ. ಅಳತೆಯ ಸಂಪ್ (ಅಕ್ವೇರಿಯಂ ನೀರು ಇಳಿದುಬರುವ, ಪಂಪ್ ಅದನ್ನು ಮತ್ತೆ ಮೇಲೆತ್ತುವ ಕೆಳತೊಟ್ಟಿ) ಇಡಬೇಕೆಂದಿದ್ದೇನೆ. ಕರೆಂಟ್ ಹೋದರೆ ಮೇಲಿನ ನೀರೆಲ್ಲ ಇಳಿದು ಸಂಪ್ ಉಕ್ಕುತ್ತದಂತೆ. ನೀರನ್ನು ಮೇಲಕ್ಕೊಯ್ಯುವ ರಿಟರ್ನ್ ಪೈಪಿಗೆ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಒಂದು ಮರಳಿನ ಕಣವೋ ಮರಿ ಬಸವನಹುಳುವೋ ಸಿಕ್ಕಿಕೊಂಡರೆ ಆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ, ಆದರೆ ಅದು ಇಲ್ಲವೆಂದೇ ತಿಳಿದು ಲೆಕ್ಕ ಹಾಕಿ.

ಪಂಪ್ ನಿಂತಾಗ ನೀರೆಲ್ಲ ಇಳಿಯುವುದಿಲ್ಲ. ಓವರ್‌ಫ್ಲೋ ಅಂಚಿನಿಂದ (ತೊಟ್ಟಿಯ ನೀರು ಹೊರಚೆಲ್ಲುವ ಅಂಚು) ಮೇಲಿರುವಷ್ಟು ನೀರು ಡ್ರೈನ್ (ನೀರನ್ನು ಸಂಪಿಗೆ ಇಳಿಸುವ ಪೈಪು) ಮೂಲಕ ಇಳಿಯುತ್ತದೆ. ರಿಟರ್ನ್ ಪೈಪಿನ ಬಾಯಿ ಆ ಅಂಚಿಗಿಂತ ಕೆಳಗಿದ್ದರೆ, ಅದು ಗಾಳಿ ಎಳೆದುಕೊಳ್ಳುವವರೆಗೂ ಸೈಫನ್ (ಪಂಪ್ ಇಲ್ಲದೆಯೂ ನೀರನ್ನು ಕೆಳಕ್ಕೆಳೆಯುವ ಕೊಳವೆ) ಆಗಿ ನೀರು ಹಿಂದಕ್ಕೆ ಹರಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ 1 ಸೆಂ.ಮೀ. ಎತ್ತರದ ನೀರೆಂದರೆ 5.4 ಲೀಟರ್. ಪೈಪಿನ ಬಾಯಿ 3 ಸೆಂ.ಮೀ. ಆಳದಲ್ಲಿದ್ದರೆ 16.2 ಲೀಟರ್ ಇಳಿಯುತ್ತದೆ. ಪೈಪು, ಓವರ್‌ಫ್ಲೋ ಪೆಟ್ಟಿಗೆಯಲ್ಲಿರುವ ನೀರೂ ಸೇರಿ 20 ಲೀಟರ್ ಎಂದಿಟ್ಟುಕೊಳ್ಳಿ. ಅದೇ ಬಾಯಿ 15 ಸೆಂ.ಮೀ. ಆಳಕ್ಕೆ ಇಳಿದಿದ್ದರೆ 81 ಲೀಟರ್! ನಿಮ್ಮ ಸಂಪ್ ಕಂಠಮಟ್ಟ ತುಂಬಿದರೂ ಹಿಡಿಯುವುದು 80 ಲೀಟರ್ ಅಷ್ಟೆ.

ಈ ಸಂಪಿನಲ್ಲಿ 20 ಲೀಟರ್ ಸೇರಿದರೆ ಮಟ್ಟ ಸುಮಾರು 9.5 ಸೆಂ.ಮೀ. ಏರುತ್ತದೆ. ಹಾಗಾಗಿ ಸಂಪನ್ನು ಕೋಣೆಗಳಾಗಿ ಭಾಗಿಸುವ ಒಳಗಿನ ಅಡ್ಡಗಾಜುಗಳ ಎತ್ತರ 25 ಸೆಂ.ಮೀ. ಮೀರದಿರಲಿ, ಮೇಲಿನ 13 ಸೆಂ.ಮೀ. ಖಾಲಿಯೇ ಇರಬೇಕು. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ 5 ಮಿ.ಮೀ. ತೂತು ಕೊರೆದರೆ ಸೈಫನ್ ಬೇಗ ಮುರಿಯುತ್ತದೆ. ಪಾಚಿ ಮೆತ್ತಿಕೊಂಡರೆ ಆ ತೂತು ಇದ್ದೂ ಇಲ್ಲದಂತೆ. ಅದಕ್ಕೇ ಮೊದಲು ಬಾಯಿಯನ್ನೇ ಮೇಲಿಡಿ, ತೂತು ಆಮೇಲೆ.

ಪ್ರಶ್ನೆ: ಡ್ರೈನ್ ಪೈಪ್ ಒಂದು ಸಾಕೇ? ಅದು ಗುಳುಗುಳು ಸದ್ದು ಮಾಡುವುದೇಕೆ?

ಉತ್ತರ: ನೀರಿನ ಜೊತೆ ಗಾಳಿಯೂ ಇಳಿಯುವುದರಿಂದ ಸದ್ದು. ಒಂದೇ ಪೈಪಿದ್ದರೆ ಅಪಾಯವೂ ಇದೆ. ಒಂದು ಎಲೆಯೋ ಸತ್ತ ಮೀನೋ ಅಡ್ಡ ಬಂದರೆ ಸಾಕು, ನೀರು ಇಳಿಯುವುದು ನಿಲ್ಲುತ್ತದೆ, ಪಂಪ್ ಮಾತ್ರ ಎತ್ತುತ್ತಲೇ ಇರುತ್ತದೆ. ಆಗ ಉಕ್ಕುವುದು ಮೇಲಿನ ತೊಟ್ಟಿ.

ಎರಡು ಪೈಪು ಹಾಕಿ. ಮೊದಲನೆಯದಕ್ಕೆ ಗೇಟ್ ವಾಲ್ವ್ ಜೋಡಿಸಿ, ಗಾಳಿ ಸೇರದೆ ಪೈಪ್ ತುಂಬ ನೀರೇ ಹರಿಯುವಂತೆ ಹೊಂದಿಸಿಕೊಳ್ಳಿ, ಸದ್ದು ಅಡಗುತ್ತದೆ. ಬಾಲ್ ವಾಲ್ವಿನಲ್ಲಿ ಇಷ್ಟು ಸೂಕ್ಷ್ಮವಾಗಿ ತಿರುಗಿಸುವುದು ಕಷ್ಟ. ಈ ಪೈಪಿನ ಕೆಳತುದಿ ಸಂಪಿನ ನೀರಲ್ಲಿ 2 ಸೆಂ.ಮೀ. ಮುಳುಗಿದ್ದರೆ ಸಾಕು. ಹೆಚ್ಚು ಮುಳುಗಿದರೆ ಒಳಗಿನ ಗಾಳಿ ಹೊರಬೀಳದೆ ಕರೆಂಟ್ ಬಂದ ಮೇಲೆ ಸೈಫನ್ ಹಿಡಿಯುವುದಿಲ್ಲ. ಎರಡನೆಯದು ತುರ್ತಿಗೆ. ಅದರ ಬಾಯಿ ಮೊದಲನೆಯದಕ್ಕಿಂತ ಎತ್ತರದಲ್ಲಿರಲಿ, ವ್ಯಾಸ ಕಡಿಮೆಯಾಗದಿರಲಿ, ವಾಲ್ವ್ ಬೇಡವೇ ಬೇಡ. ಕೆಳತುದಿ ನೀರಿನಿಂದ ಮೇಲೆಯೇ ಇದ್ದರೆ ಧೋ ಎಂದು ಬೀಳುವ ಸದ್ದೇ ಎಚ್ಚರಿಕೆಯ ಗಂಟೆ.

ಎರಡೂ ಕಟ್ಟಿಕೊಂಡರೆ? ಪಂಪ್ ಇರುವ ಕೋಣೆಯನ್ನು ಚಿಕ್ಕದು ಮಾಡಿ. 20 × 35 ಸೆಂ.ಮೀ. ಕೋಣೆಯಲ್ಲಿ 15 ಸೆಂ.ಮೀ. ನೀರಿದ್ದರೆ 10.5 ಲೀಟರ್, ಅಷ್ಟೂ ಮೇಲೇರಿದರೂ ತೊಟ್ಟಿಯ ಮಟ್ಟ 2 ಸೆಂ.ಮೀ.ಗಿಂತ ಹೆಚ್ಚು ಏರುವುದಿಲ್ಲ. ಮೇಲಂಚಿಗೆ 4 ಸೆಂ.ಮೀ. ಬಿಟ್ಟಿದ್ದರೆ ಪಂಪ್ ಗಾಳಿ ಎಳೆದು ಹಾಳಾಗಬಹುದು, ಆದರೆ ನೆಲ ಒದ್ದೆಯಾಗುವುದಿಲ್ಲ.

ಪ್ರಶ್ನೆ: ಡ್ರೈನ್ ಪೈಪಿಗಾಗಿ ಗಾಜು ಕೊರೆಯುವ ಬದಲು ಅಂಚಿಗೆ ನೇತುಹಾಕುವ ಯು-ಟ್ಯೂಬ್ ಓವರ್‌ಫ್ಲೋ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ಅದು ಎರಡನೇ ದರ್ಜೆಯ ಆಯ್ಕೆ. ಹರಿವು ನಿಧಾನವಾದರೆ ಕೊಳವೆಯ ಮೇಲ್ಭಾಗದಲ್ಲಿ ಗುಳ್ಳೆ ಸೇರಿ ಸೈಫನ್ ಮುರಿಯುತ್ತದೆ. ಹಾಕುವುದಾದರೆ ಎರಡು ಕೊಳವೆ ಇರಲಿ. ಪಂಪ್ ಕೋಣೆಯನ್ನು ಚಿಕ್ಕದಾಗಿಡುವ ಮೇಲಿನ ಲೆಕ್ಕವನ್ನು ಇಲ್ಲಿ ಬಿಡುವಂತೆಯೇ ಇಲ್ಲ. ಕೊರೆಯುವುದಾದರೆ, ಅದಕ್ಕೆ ಮುನ್ನ ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಅಲ್ಲವೆಂದು ತಯಾರಕರಿಂದ ಖಚಿತಪಡಿಸಿಕೊಳ್ಳಿ. ಎಷ್ಟೋ ತೊಟ್ಟಿಗಳ ತಳದ ಗಾಜು ಟೆಂಪರ್ಡ್ ಆಗಿರುತ್ತದೆ. ಡ್ರಿಲ್ ತಾಗಿದರೆ ಇಡೀ ಗಾಜು ಪುಡಿಪುಡಿ.

ಪ್ರಶ್ನೆ: ಮೀನು ಬಿಡುವ ಮುನ್ನ ಏನೇನು ಪರೀಕ್ಷಿಸಬೇಕು?

ಉತ್ತರ: ಬರೀ ನೀರು ತುಂಬಿ ಪಂಪ್ ಓಡಿಸಿ, ಮಟ್ಟ ನಿಂತ ಮೇಲೆ ಸ್ವಿಚ್ ಆರಿಸಿ. ಹರಿವು ಪೂರ್ತಿ ನಿಂತಾಗ ಸಂಪಿನಲ್ಲಿ ಇನ್ನೂ 2–3 ಸೆಂ.ಮೀ. ಜಾಗ ಉಳಿದಿರಬೇಕು. ಮತ್ತೆ ಪಂಪ್ ಹಾಕಿ, ಓಡುವಾಗ ಪಂಪ್ ಕೋಣೆಯಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಟೇಪ್ ಅಂಟಿಸಿ. ಆವಿಯಾದ ನೀರನ್ನು ತುಂಬುವಾಗ ಆ ಗೆರೆ ದಾಟಬೇಡಿ. ನಾಲ್ಕೈದು ಸಲ ಆರಿಸಿ ಹಾಕಿ, ಪ್ರತಿ ಸಲವೂ ಸೈಫನ್ ತಾನಾಗಿ ಹಿಡಿಯುತ್ತದೆಯೇ ನೋಡಿ. ಬಳಿಕ ಮುಖ್ಯ ಡ್ರೈನ್ ಮುಚ್ಚಿ ತುರ್ತು ಪೈಪು ಪೂರ್ತಿ ಹರಿವನ್ನು ಹೊರುತ್ತದೆಯೇ ನೋಡಿ. ಕೊನೆಗೆ ಎರಡನ್ನೂ ಮುಚ್ಚಿ, ಪಂಪಿನ ಸ್ವಿಚ್ ಮೇಲೆ ಕೈಯಿಟ್ಟುಕೊಂಡೇ ಕಾಯಿರಿ. ಗಾಳಿ ಎಳೆಯುವ ಸದ್ದು ಕೇಳಿದೊಡನೆ ಆರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲಿರದೆ ಸ್ಟ್ಯಾಂಡಿನ ಎತ್ತರದಲ್ಲಿರಲಿ. ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೇರಿದರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.