ಉ: ಡ್ರಿಪ್ ಕಂಟ್ರೋಲರ್ ಬೋರ್ಡ್ ನನ್ನ ಹತ್ತಿರ ಓಡುತ್ತದೆ, ಬೇರೆಯವರ ಹತ್ತಿರ ಯಾಕೆ ಓಡುತ್ತಿಲ್ಲ?

ಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅಡಿಕೆ ತೋಟದ ಹನಿ ನೀರಾವರಿಗೆ ಇಎಸ್‌ಪಿ32 (ವೈಫೈ ಇರುವ ಮೈಕ್ರೋಕಂಟ್ರೋಲರ್ ಚಿಪ್) ಹಾಕಿ ನಾಲ್ಕು ವಾಲ್ವಿನ ಕಂಟ್ರೋಲರ್ ಮಾಡಿ, ಫೈಲೆಲ್ಲ ಗಿಟ್‌ಹಬ್‌ಗೆ ಏರಿಸಿ, "ಪೂರ್ತಿ ಓಪನ್ ಸೋರ್ಸ್, ಯಾರು ಬೇಕಾದರೂ ಮಾಡಿಕೊಳ್ಳಿ" ಅಂದಿದ್ದೀರಿ. ಮೂವರು ಮಾಡಿದರು. ಇಬ್ಬರದ್ದು ವೈಫೈ ಶುರುವಾದ ಕೂಡಲೇ ರೀಸ್ಟಾರ್ಟ್ ಆಗುತ್ತಿದೆ. ಮೇಲಿನ ಉತ್ತರಗಳಲ್ಲಿ ಎಲ್ಲರೂ ಸೇರಿ ಸೋಲ್ಡರಿಂಗ್ ಸರಿಯಿಲ್ಲ ಅಂತ ಆ ಇಬ್ಬರನ್ನೇ ಬೈಯುತ್ತಿದ್ದಾರೆ. ಸುಮ್ನೆ ಅವರ ತಲೆಗೆ ಕಟ್ಟಬೇಡಿ. ಗಿಟ್‌ಹಬ್‌ನಲ್ಲಿ ನಿಮ್ಮ ರೆಪೊ (ಫೈಲುಗಳ ಸಂಗ್ರಹ) ತೆಗೆದು ನೋಡಿದೆ, ತಪ್ಪು ಅಲ್ಲಿದೆ. ಈ ಗುಂಡಿಗೆ ನಾನೂ ಬಿದ್ದವನೇ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಬಿಒಎಂನಲ್ಲಿ, ಅಂದರೆ ಪಾರ್ಟುಗಳ ಪಟ್ಟಿಯಲ್ಲಿ, ಏನಿದೆ? ಯು2 (5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್) ಎದುರಿಗೆ "1117", ಸಿ4 (ಅದರ ಔಟ್‌ಪುಟ್ ಕೆಪಾಸಿಟರ್) ಎದುರಿಗೆ "10 ಯುಎಫ್" (ಮೈಕ್ರೋಫ್ಯಾರಡ್). ಅಷ್ಟೇ. ಈಗ ನೀವೇ ಹಾಕಿದ ಫೋಟೋ ಜೂಮ್ ಮಾಡಿ. ನಿಮ್ಮ ಸಿ4 ಹಳದಿ ಬಣ್ಣದ ಟ್ಯಾಂಟಲಮ್. ಅವರಿಬ್ಬರ ಫೋಟೋದಲ್ಲಿ ಅದೇ ಜಾಗದಲ್ಲಿ ಕಂದು ಸಿರಾಮಿಕ್ ಕೂತಿದೆ. ಪ್ಯಾಡ್ 1206 ಸೈಜಿನದ್ದು, ಎರಡೂ ಕೂರುತ್ತವೆ, ಬಿಒಎಂ ಪ್ರಕಾರ ಎರಡೂ ಸರಿ. ಆದರೆ 1117 ಹಳೆ ಕಾಲದ ರೆಗ್ಯುಲೇಟರ್. ಔಟ್‌ಪುಟ್ ಕೆಪಾಸಿಟರಿನಲ್ಲಿ ಸ್ವಲ್ಪ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್; ಟ್ಯಾಂಟಲಮ್‌ನಲ್ಲಿ ಇರುತ್ತದೆ, ಸಿರಾಮಿಕ್‌ನಲ್ಲಿ ತೀರಾ ಕಡಿಮೆ) ಇಲ್ಲದಿದ್ದರೆ ರೆಗ್ಯುಲೇಟರ್ ನೆಟ್ಟಗೆ ನಿಲ್ಲದೆ ಆಸಿಲೇಟ್ ಆಗಬಹುದು, ಅಂದರೆ ವೋಲ್ಟೇಜ್ ಮೇಲೆ ಕೆಳಗೆ ಓಲಾಡಬಹುದು. ಎಎಂಎಸ್1117 ಡೇಟಾಶೀಟಿನಲ್ಲೇ 22 ಯುಎಫ್ ಟ್ಯಾಂಟಲಮ್ ಅಂತ ಬರೆದಿದೆ. ಈಚಿನ ಕೆಲವು 1117ಗಳು ಸಿರಾಮಿಕ್ ಜೊತೆಗೂ ಓಡುತ್ತವೆ, ಕೆಲವು ಓಡುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ "1117 ಕೊಡಿ" ಅಂದರೆ ಡಬ್ಬಿಯಲ್ಲಿ ಯಾವುದಿದೆಯೋ ಅದು ಕೈಗೆ ಬರುತ್ತದೆ.

ಸಾಲದ್ದಕ್ಕೆ 5 ವೋಲ್ಟ್ ಬರುವ ದಾರಿಯಲ್ಲಿ ಡಯೋಡ್ ಬೇರೆ ಇಟ್ಟಿದ್ದೀರಿ. ಕಡಿಮೆ ವೋಲ್ಟ್ ತಿನ್ನುವ ಶಾಟ್ಕಿ ಡಯೋಡ್ ಆದರೂ 0.3, 0.4 ವೋಲ್ಟ್ ಹೋಯಿತು. ಸಪೂರ ಯುಎಸ್‌ಬಿ ಕೇಬಲ್ ಇನ್ನೊಂದಿಷ್ಟು ತಿನ್ನುತ್ತದೆ. 1117ಕ್ಕೆ ತಲೆಯ ಮೇಲೆ 1.1ರಿಂದ 1.3 ವೋಲ್ಟ್ ಜಾಗ ಬೇಕು (ಔಟ್‌ಪುಟ್‌ಗಿಂತ ಇನ್‌ಪುಟ್ ಅಷ್ಟು ಹೆಚ್ಚಿರಬೇಕು), ಅಂದರೆ ಇನ್‌ಪುಟ್ 4.4ರ ಹತ್ತಿರ ಬಂದರೆ 3.3 ಕುಸಿಯುತ್ತದೆ, ಅದೂ ವೈಫೈ ಜಾಸ್ತಿ ಕರೆಂಟ್ ಎಳೆಯುವ ಗಳಿಗೆಯಲ್ಲೇ. ಇಎಸ್‌ಪಿ32ಕ್ಕೆ 500 ಮಿಲಿಆಂಪ್ ಕೊಡುವ ಸಪ್ಲೈ ಬೇಕು ಅಂತ ಅದನ್ನು ಮಾಡುವ ಎಸ್ಪ್ರೆಸಿಫ್ ಕಂಪನಿಯವರೇ ಹೇಳುತ್ತಾರೆ. ನಿಮ್ಮ ಅಡಾಪ್ಟರ್ ಒಳ್ಳೆಯದಿರಬೇಕು, ಬಚಾವಾಗಿದ್ದೀರಿ.

ಈಗ ನನ್ನ ಪದ್ಧತಿ ಹೇಳುತ್ತೇನೆ, ಬೇಕಾದರೆ ನಗಿ. ಬಿಒಎಂನಲ್ಲಿ ಪೂರ್ತಿ ಪಾರ್ಟ್ ನಂಬರ್ ಹಾಕಿ, ಪಕ್ಕದಲ್ಲಿ "ಬದಲಿ" ಅಂತ ಇನ್ನೊಂದು ಕಾಲಮ್ ಮಾಡಿ. ಪುಲ್‌ಅಪ್ ರೆಸಿಸ್ಟರ್ 10ಕೆಗೆ "ಏನಾದರೂ ಆಗುತ್ತದೆ, 4.7ಕೆಯಿಂದ 22ಕೆವರೆಗೆ". ಸಿ4ಗೆ "ಮುಟ್ಟಬೇಡಿ, ಟ್ಯಾಂಟಲಮ್ಮೇ ಬೇಕು, ಕಾರಣ ರೆಗ್ಯುಲೇಟರ್". ವಾಲ್ವ್ ಆನ್-ಆಫ್ ಮಾಡುವ ಮಾಸ್ಫೆಟ್‌ಗೆ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) "ಲಾಜಿಕ್ ಲೆವೆಲ್ ಇರಬೇಕು, 3.3 ವೋಲ್ಟಿಗೆ ಪೂರ್ತಿ ತೆರೆಯಬೇಕು, ಐಆರ್‌ಎಫ್540 ಬೇಡ". ಕಾರಣ ಬರೆಯುವುದು ಮುಖ್ಯ. ಯಾಕೆ ಅಂತ ಗೊತ್ತಿದ್ದವನು ತಾನೇ ಬದಲಿ ಹುಡುಕಿಕೊಳ್ಳುತ್ತಾನೆ. 2021ರಲ್ಲಿ ಚಿಪ್ಪುಗಳ ಬರ ಬಂದಾಗ ಎಸ್‌ಟಿಎಂ32ಎಫ್103 ಅನ್ನೋ ಮೈಕ್ರೋಕಂಟ್ರೋಲರ್ ಸಿಗದೆ ಎಷ್ಟೋ ಓಪನ್ ಬೋರ್ಡುಗಳು ಅಲ್ಲೇ ನಿಂತವು. ಅದೇ ಪಿನ್‌ಗೆ ಕೂರುವ ಜಿಡಿ32 ಹಾಕಿದವರಿಗೂ ಫರ್ಮ್‌ವೇರಿನಲ್ಲಿ ಸಣ್ಣಪುಟ್ಟ ತಕರಾರು ಇದ್ದೇ ಇತ್ತು. ಇನ್ನು ಬರೀ ಎಲ್‌ಸಿಎಸ್‌ಸಿ (ಪಾರ್ಟು ಮಾರುವ ಆನ್‌ಲೈನ್ ಅಂಗಡಿ) ನಂಬರ್ ಹಾಕುವವರಿದ್ದಾರಲ್ಲ, ಅದೂ ಅರ್ಧ ಕೆಲಸವೇ. ಅದು ಅಂಗಡಿಯ ನಂಬರ್, ಪಾರ್ಟಿನದ್ದಲ್ಲ.

ಎರಡನೇ ಜಗಳ. ನೀವು ಹಾಕಿರುವುದು ಗರ್ಬರ್ ಜಿಪ್ (ಬೋರ್ಡ್ ಅಚ್ಚು ಹಾಕುವ ಫ್ಯಾಕ್ಟರಿಗೆ ಕೊಡುವ ಫೈಲುಗಳು) ಮತ್ತು ಸ್ಕೀಮ್ಯಾಟಿಕ್ಕಿನ, ಅಂದರೆ ಸರ್ಕ್ಯೂಟ್ ನಕ್ಷೆಯ, ಪಿಡಿಎಫ್. ಗರ್ಬರ್ ಅಂದರೆ ಬೆಂದ ಅನ್ನ, ಅದರಿಂದ ಅಕ್ಕಿ ವಾಪಸ್ ತೆಗೆಯುವುದಕ್ಕೆ ಆಗುವುದಿಲ್ಲ. ಆ ಡಯೋಡ್ ತೆಗೆಯಬೇಕು ಅಂದರೂ ಬೇರೆಯವರು ಮೊದಲಿಂದ ಬೋರ್ಡ್ ಎಳೆಯಬೇಕು. ಬೋರ್ಡ್ ಡಿಸೈನ್ ಮಾಡಿದ ಈಝಿಇಡಿಎ ಸಾಫ್ಟ್‌ವೇರಿನ ಫೈಲ್ ಇದ್ದರೆ ಅದನ್ನೇ ಹಾಕಿ, ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಕೈಕ್ಯಾಡ್‌ನ 8ನೇ ಆವೃತ್ತಿಯಿಂದ ಅದನ್ನು ಇಂಪೋರ್ಟ್ ಮಾಡಬಹುದು. ಇಂಪೋರ್ಟ್ ಆದ ಮೇಲೆ ಕಾಪರ್ ಝೋನ್, ಫುಟ್‌ಪ್ರಿಂಟ್ ಎಲ್ಲ ಒಮ್ಮೆ ಕಣ್ಣಾಡಿಸಿ, ಡಿಆರ್‌ಸಿ (ಡಿಸೈನಿನ ತಪ್ಪು ಹುಡುಕುವ ಪರೀಕ್ಷೆ) ಓಡಿಸಿ. ನನ್ನ ಕೇಳಿದರೆ ಹೊಸ ಕೆಲಸಕ್ಕೆ ಕೈಕ್ಯಾಡೇ ಸಾಕು. ಈಗಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ನೆಚ್ಚಿಕೊಂಡವರ ಕಥೆ ನೋಡಿದ್ದೀರಲ್ಲ, 2016ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು, ಆಮೇಲೆ 2026ರ ಜೂನ್‌ಗೆ ಮುಗಿಸುತ್ತೇವೆ ಅಂತ ಹೇಳಿಬಿಟ್ಟಿತು.

ಲೈಸೆನ್ಸ್ ಫೈಲೇ ಇಲ್ಲ ನಿಮ್ಮ ರೆಪೊದಲ್ಲಿ! ಲೈಸೆನ್ಸ್ ಇಲ್ಲ ಅಂದರೆ ಯಾರಿಗೂ ಅನುಮತಿ ಇಲ್ಲ ಅಂತಲೇ ಅರ್ಥ. ಬೋರ್ಡಿಗೆ ಸರ್ನ್ ಓಎಚ್‌ಎಲ್ (ಸರ್ನ್ ಸಂಸ್ಥೆಯ ಓಪನ್ ಹಾರ್ಡ್‌ವೇರ್ ಲೈಸೆನ್ಸ್) ಎರಡನೇ ಆವೃತ್ತಿ ನೋಡಿ, 2020ರದ್ದು, ಮೂರು ಬಗೆ ಇದೆ. ಬದಲಾಯಿಸಿ ಹಂಚಿದವರೂ ಫೈಲ್ ಕೊಡಬೇಕು ಅಂದರೆ ಎಸ್, ಏನು ಬೇಕಾದರೂ ಮಾಡಿಕೊಳ್ಳಲಿ ಅಂದರೆ ಪಿ, ನಡುವಿನದ್ದು ಡಬ್ಲ್ಯು. ಫರ್ಮ್‌ವೇರಿಗೆ ಬೇರೆ ಲೈಸೆನ್ಸ್ ಹಾಕಿ. "ವ್ಯಾಪಾರಕ್ಕೆ ಬಳಸಬಾರದು" ಅನ್ನುವ ಎನ್‌ಸಿ (ನಾನ್-ಕಮರ್ಷಿಯಲ್) ಷರತ್ತು ಹಾಕಿ ಓಪನ್ ಸೋರ್ಸ್ ಅನ್ನಬೇಡಿ, ಅದು ಓಪನ್ ಅಲ್ಲ. ಮಾರುವ ಆಸೆ ನಿಮಗಿದ್ದರೆ ವೈಫೈ ಇರುವುದರಿಂದ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿಯ ಇಟಿಎ (ವೈರ್‌ಲೆಸ್ ಉಪಕರಣದ ಅನುಮೋದನೆ) ವಿಚಾರವೂ ಬರುತ್ತದೆ, ತೋಟಕ್ಕೆ ಒಂದು ಮಾಡಿಕೊಂಡಷ್ಟು ಸಲೀಸಲ್ಲ.

ಇನ್ನೊಂದು, ನಿಮ್ಮ ಪಂಪ್ ರಿಲೇ. ಅದರಲ್ಲಿ ಮೇನ್ಸ್ ಕರೆಂಟ್ ಇರುತ್ತದೆ, ಅದರ ಕೆಳಗೇ 3.3 ವೋಲ್ಟ್ ಟ್ರ್ಯಾಕ್ ಓಡಿಸಿದ್ದೀರಿ. ಮುಂದಿನ ರಿವಿಷನ್‌ನಲ್ಲಿ ಟ್ರ್ಯಾಕ್ ದೂರ ಸರಿಸಿ, ಎರಡೂ ಬೇರೆಯಾಗಿರಲು ಅಲ್ಲಿ ಸ್ಲಾಟ್ ಕೊರೆಸಿ. ನೀವು ಮಾಡಿದ್ದನ್ನು ನೋಡಿ ಕರೆಂಟಿನ ಗಂಧವಿಲ್ಲದವರೂ ಮಾಡುತ್ತಾರೆ, ರೀಡ್‌ಮೀಯಲ್ಲಿ ಎಚ್ಚರಿಕೆ ದಪ್ಪಕ್ಷರದಲ್ಲಿ ಇರಲಿ. ಸ್ಟಾರ್ಟರ್ ಕಾಯಿಲ್ 230 ವೋಲ್ಟಿನದ್ದಾದರೆ ಅಡ್ಡಕ್ಕೆ 100 ಓಮ್, 0.1 ಯುಎಫ್ ಎಕ್ಸ್2 (ಮೇನ್ಸ್‌ಗೆಂದೇ ಮಾಡಿದ ಕೆಪಾಸಿಟರ್) ಸೇರಿಸಿದ ಸ್ನಬ್ಬರ್ ಹಾಕಿ, ಕಾಯಿಲ್ ಆಫ್ ಆದಾಗ ಬರುವ ವೋಲ್ಟೇಜ್ ಏಟನ್ನು ತಡೆಯುತ್ತದೆ. 415ರ ಕಾಯಿಲ್ ಆದರೆ 275 ವೋಲ್ಟಿನ ಎಕ್ಸ್2 ಸಾಲದು, ಅದಕ್ಕೆ ತಕ್ಕದ್ದೇ ತನ್ನಿ. 24 ವೋಲ್ಟ್ ಎಸಿ ವಾಲ್ವಿಗೆ ದಯವಿಟ್ಟು ಡಯೋಡ್ ಹಾಕಬೇಡಿ, ಅದು ಡಿಸಿ ಕಾಯಿಲ್‌ಗೆ ಮಾತ್ರ.

ರಿವಿಷನ್ ನಂಬರನ್ನು ಸಿಲ್ಕಿನಲ್ಲಿ (ಬೋರ್ಡಿನ ಮೇಲೆ ಅಚ್ಚಾಗುವ ಬರಹದಲ್ಲಿ) ಹಾಕಿ. ಯಾರ ಕೈಯಲ್ಲಿ ಯಾವ ಬೋರ್ಡಿದೆ ಅಂತಲೇ ಈಗ ಗೊತ್ತಾಗುತ್ತಿಲ್ಲ, ಅಲ್ವಾ? ರೆಗ್ಯುಲೇಟರನ್ನು ಎಪಿ2112ಗೆ ಬದಲಾಯಿಸಿ. 600 ಮಿಲಿಆಂಪ್ ಕೊಡುತ್ತದೆ, ಡ್ರಾಪ್ ಕಡಿಮೆ, ಸಿರಾಮಿಕ್ ಜೊತೆ ತಕರಾರಿಲ್ಲ. ಫುಟ್‌ಪ್ರಿಂಟ್ ಮಾತ್ರ ಬೇರೆ.

ಬೋರ್ಡ್ ಓಡದ ಆ ಇಬ್ಬರಿಗೆ: ಮಲ್ಟಿಮೀಟರಿನಲ್ಲಿ 3.3 ಸರಿಯಾಗೇ ಕಾಣುತ್ತದೆ, ಅದನ್ನು ನಂಬಬೇಡಿ, ಅಷ್ಟು ಚಿಕ್ಕ ಕುಸಿತ ಅದಕ್ಕೆ ಕಾಣುವುದಿಲ್ಲ. ಸೀರಿಯಲ್ ಮಾನಿಟರ್ 115200ರಲ್ಲಿ ತೆರೆಯಿರಿ. "ಬ್ರೌನ್‌ಔಟ್ ಡಿಟೆಕ್ಟರ್" ಅನ್ನೋ ಸಾಲು (ವೋಲ್ಟೇಜ್ ಕುಸಿಯಿತು ಅಂತ ಅರ್ಥ) ಬಂದರೆ ಸಿ4 ತೆಗೆದು 22 ಯುಎಫ್ ಟ್ಯಾಂಟಲಮ್ ಹಾಕಿ, ಕೇಬಲ್ಲೂ ಗಿಡ್ಡ, ದಪ್ಪದ್ದು ಬಳಸಿ. ಟ್ಯಾಂಟಲಮ್ ಮೇಲಿನ ಪಟ್ಟಿ ಪ್ಲಸ್ ಕಡೆ ಇರುತ್ತದೆ, ಎಲೆಕ್ಟ್ರೋಲಿಟಿಕ್‌ಗೆ ಉಲ್ಟಾ. ತಿರುಗಿಸಿ ಹಾಕಿದರೆ ಹೊಗೆ ಗ್ಯಾರಂಟಿ. ಆ ಸಾಲು ಬರದೇ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಬೇರೆ, ಲಾಗ್ ಪೂರ್ತಿ ಕಾಪಿ ಮಾಡಿ ಇಲ್ಲೇ ಹಾಕಿ, ಸ್ಕ್ರೀನಿನ ಫೋಟೋ ಬೇಡ.